ಕೂಡಿ ಓದಿದ ಕಾದಂಬರಿಯೂ ಕಲಿತ ಭಾಷೆಯೂ



ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ವರ್ಗದವರು ಅಪ್ಪಣೆಮಾಡಿದಾಗ, ಹಳೆಯ ದಿನಗಳ ನೆನಪುಗಳನ್ನು ಬರೆಯುವುದೇ ಸುಲಭವೆಂದು ಮೊದಲು ತೋರಿತು. ಆದರೆ ನೆನಪುಗಳನ್ನು ಬರೆಯುವವರು ನನಗಿಂತ ಯೋಗ್ಯರಾದವರು ಅನೇಕರಿದ್ದಾರೆ. ಕನ್ನಡ ಉಪಾಧ್ಯಾಯಿನಿಯಾಗಿ ಬಹುಕಾಲ ಕೆಲಸಮಾಡಿ ವಿಶ್ರಾಂತಳಾದ ನನಗೆ, ಕಲಿಸುವ ಕಾಲದಲ್ಲಿ ತಿಳಿಯದೆ ಹೋಗಿ, ಕಲಿಯುವ ಕಾಲ ಮತ್ತೆ ಬಂದಾಗ ತಿಳಿದ ಒಂದು ವಿಷಯವುಂಟು. ಅದೇನೆಂದರೆ, ನಾಲ್ಕಾರು ಮಂದಿ ಸೇರಿ ತಮ್ಮ ಕಾಲದ ಒಂದು ಕಾದಂಬರಿಯನ್ನು ಓದಿ, ಅದರ ವಿಚಾರವಾಗಿ ವಾದಿಸುತ್ತ, ಒಂದು ಹೊಸ ಭಾಷೆಯನ್ನು ಕಲಿಯಬಹುದೆಂಬುದು. ಅದನ್ನೇ ಇಲ್ಲಿ ಯಥಾಶಕ್ತಿ ವಿವರಿಸುತ್ತೇನೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಿಂದ ನಮ್ಮ ಶಾಲೆಗೆ ಮಕ್ಕಳು ಬರುತ್ತಿದ್ದುದು ನಿಮಗೆಲ್ಲ ತಿಳಿದೇ ಇದೆ. ಇವುಗಳಲ್ಲಿ ಪಾವಗಡದ ಸ್ಥಿತಿಯು ವಿಶೇಷವಾದದ್ದು. ಆ ತಾಲ್ಲೂಕು ಬಹುಮಟ್ಟಿಗೆ ಆಂಧ್ರದ ನೆಲದಿಂದ ಸುತ್ತುವರಿಯಲ್ಪಟ್ಟಿದೆ. ಅಲ್ಲಿನ ಅನೇಕ ಮನೆಗಳಲ್ಲಿ ತೆಲುಗೇ ಮನೆಮಾತು. ಅದಕ್ಕೆ ಪ್ರತಿಯಾಗಿ ಆಂಧ್ರಕ್ಕೆ ಸೇರಿದ ನೆರೆಯ ಮಡಕಶಿರಾ ಸೀಮೆಯಲ್ಲಿ ಕನ್ನಡವನ್ನಾಡುವ ಮನೆಗಳು ಬೇಕಾದಷ್ಟಿವೆ. ಗಡಿಯನ್ನು ಎಳೆದವರು ನಾಲಗೆಗಳನ್ನು ಕೇಳಿ ಎಳೆಯಲಿಲ್ಲ. ಹೀಗಾಗಿ ಪಾವಗಡದಿಂದ ಬರುವ ಹುಡುಗಿಗೆ ಕನ್ನಡವು ಶಾಲೆಯ ಮಾತೇ ಹೊರತು ತಾಯಿಯ ಮಾತಲ್ಲ.

1980ರ ದಶಕದಲ್ಲಿ ಅಂತಹ ಒಬ್ಬ ಹುಡುಗಿಯು ನಮ್ಮ ಬೋರ್ಡಿಂಗಿನಲ್ಲಿದ್ದಳು. ಪದ್ಯಗಳನ್ನು ಕಂಠಪಾಠಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಲಿಖಿತ ಪರೀಕ್ಷೆಯಲ್ಲಿ ಒಳ್ಳೆಯ ಗುಣಗಳೇ ಬರುತ್ತಿದ್ದವು. ಆದರೆ ಬಾಯಿತೆರೆದು ಕನ್ನಡದಲ್ಲಿ ಒಂದು ಮಾತನ್ನೂ ಆಡುತ್ತಿರಲಿಲ್ಲ. ಕಾರಣವು ನನಗೆ ಗೊತ್ತಿತ್ತು. ಶಾಲೆಗೆ ಬಂದ ಮೊದಲ ವಾರದಲ್ಲಿ ಅವಳು ತರಗತಿಯಲ್ಲಿ ಎದ್ದು ನಿಂತು, ತನ್ನನ್ನು ನೋಡಲು ತಾಯಿ ಬಂದಿರುವಳೆಂಬುದನ್ನು ತಿಳಿಸಲು "ಅಮ್ಮ ಬಂತು" ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನೆಂಬುದನ್ನು ಇಲ್ಲಿ ಮರೆಮಾಚದೆ ಒಪ್ಪಿಕೊಳ್ಳಬೇಕು. ಅಂದಿನಿಂದ ಆ ಹುಡುಗಿಯ ಕನ್ನಡವು ಕಾಗದದ ಮೇಲೆ ಮಾತ್ರ ಉಳಿಯಿತು.

ಅವಳ ತಪ್ಪು ಅಜ್ಞಾನದಿಂದ ಬಂದದ್ದಲ್ಲ, ವ್ಯಾಕರಣದಿಂದ ಬಂದದ್ದು. ತೆಲುಗಿನಲ್ಲಿ ಏಕವಚನದ ಕ್ರಿಯಾಪದವು ಗಂಡಸಿಗೆ ಒಂದು ರೂಪವನ್ನು ತಾಳಿದರೆ, ಹೆಂಗಸಿಗೂ ಪ್ರಾಣಿ ಪದಾರ್ಥಗಳಿಗೂ ಇನ್ನೊಂದೇ ರೂಪವನ್ನು ತಾಳುತ್ತದೆ. "ಅಮ್ಮ ವಚ್ಚಿಂದಿ", "ಆವು ವಚ್ಚಿಂದಿ" ಎಂದು ಆ ಭಾಷೆಯಲ್ಲಿ ತಾಯಿಗೂ ಹಸುವಿಗೂ ಒಂದೇ ಕ್ರಿಯೆ. ಇದರಲ್ಲಿ ಅಗೌರವವೇನೂ ಇಲ್ಲ. ಗೌರವಕ್ಕೆ "ವಚ್ಚಾರು" ಎಂಬ ಬಹುವಚನವು ಬೇರೆ ಇದೆ. ಕನ್ನಡವಾದರೋ "ಬಂದಳು" ಎಂದೂ "ಬಂದಿತು" ಎಂದೂ ಬೇರ್ಪಡಿಸುತ್ತದೆ. ಇಂತಹ ಭೇದಗಳು ಎರಡು ಭಾಷೆಗಳ ನಡುವೆ ಹಲವಿವೆ. ತೆಲುಗಿನಲ್ಲಿ "ಪೆದ್ದ" ಎಂದರೆ ದೊಡ್ಡವನು. ಅದನ್ನೇ ಕನ್ನಡದಲ್ಲಿ ಹೇಳಿದರೆ ಜಗಳವಾಗುತ್ತದೆ. ತೆಲುಗಿನ "ಅವಸರಂ" ಎಂದರೆ ಅವಶ್ಯಕತೆ. ನಮ್ಮ "ಅವಸರ" ಎಂದರೆ ಆತುರ. ಅಕ್ಕತಂಗಿಯರಂತಹ ಭಾಷೆಗಳಾದುದರಿಂದಲೇ ತೊಡಕು ಹೆಚ್ಚು; ಮುಖಗಳು ಒಂದೇ ಬಗೆಯಾಗಿರುವುದರಿಂದ ಒಬ್ಬಳನ್ನು ಇನ್ನೊಬ್ಬಳೆಂದು ಕರೆದುಬಿಡುತ್ತೇವೆ.

ಆ ವರ್ಷದ ಮಳೆಗಾಲದಲ್ಲಿ, ರಾತ್ರಿಯ ಊಟವಾದ ಮೇಲೆ ದೊಡ್ಡ ಹುಡುಗಿಯರಿಗೆ ಎಂ. ಕೆ. ಇಂದಿರಾ ಅವರ "ಫಣಿಯಮ್ಮ" ಕಾದಂಬರಿಯನ್ನು ದಿನಕ್ಕಿಷ್ಟರಂತೆ ಓದಿ ಹೇಳುವುದೆಂದು ನಿಶ್ಚಯವಾಯಿತು. 1976ರಲ್ಲಿ ಪ್ರಕಟವಾದ ಆ ಪುಸ್ತಕವು ಆಗ ಇನ್ನೂ ಹೊಸತಾಗಿತ್ತು. ಬಾಲ್ಯದಲ್ಲಿಯೇ ವಿಧವೆಯಾಗಿ, ಮಲೆನಾಡಿನ ದೊಡ್ಡ ಮನೆಯೊಂದರಲ್ಲಿ ನೂರು ವರ್ಷಕ್ಕೂ ಮೀರಿ ಬಾಳಿದ ಒಬ್ಬ ಹೆಂಗಸಿನ ಕಥೆಯದು. ತಾನು ಎಲ್ಲ ಕಟ್ಟಳೆಗಳನ್ನೂ ಎದುರಾಡದೆ ಪಾಲಿಸಿದ ಆಕೆಯು, ಬೇರೊಬ್ಬ ಎಳೆಯ ವಿಧವೆಯು ತಲೆ ಬೋಳಿಸಿಕೊಳ್ಳಲಾರೆನೆಂದಾಗ ಅವಳ ಪಕ್ಷವನ್ನು ವಹಿಸುತ್ತಾಳೆ. ಅಲ್ಲಿಗೆ ಬಂದಾಗ ಹುಡುಗಿಯರಲ್ಲಿ ವಾದವೆದ್ದಿತು. ಫಣಿಯಮ್ಮನು ತನ್ನ ವಿಚಾರದಲ್ಲಿ ಏಕೆ ಸುಮ್ಮನಿದ್ದಳು? ಅವಳು ಅಂಜುಬುರುಕಿಯೆಂದು ಒಬ್ಬಳು. ಅಲ್ಲ, ಸಹನಾಮೂರ್ತಿಯೆಂದು ಇನ್ನೊಬ್ಬಳು. ಆಗ ಮೂಲೆಯಲ್ಲಿ ಕುಳಿತಿದ್ದ ಪಾವಗಡದ ಹುಡುಗಿಯು ತಟ್ಟನೆ ಮಾತನಾಡಿದಳು. ತನಗಾಗಿ ಕೇಳಿಕೊಳ್ಳುವುದು ಒಂದು ಧೈರ್ಯ, ಇನ್ನೊಬ್ಬರಿಗಾಗಿ ಕೇಳುವುದು ಬೇರೊಂದು ಧೈರ್ಯ; ಮೊದಲನೆಯದು ಇಲ್ಲದವರಿಗೂ ಎರಡನೆಯದು ಇರಬಹುದು ಎಂಬುದು ಅವಳ ಮಾತಿನ ತಾತ್ಪರ್ಯ. ಅರ್ಧ ಕನ್ನಡ, ಅರ್ಧ ತೆಲುಗು. "ಫಣಿಯಮ್ಮ ಹೇಳಿತು" ಎಂದೇ ಹೇಳಿದಳು. ಯಾರೂ ನಗಲಿಲ್ಲ. ನಗಲು ಯಾರಿಗೂ ವೇಳೆಯಿರಲಿಲ್ಲ. ಅವಳಿಗೆ ಉತ್ತರವನ್ನು ಕೊಡಬೇಕಾಗಿತ್ತು.

ಇದೇ ನಾನು ಹೇಳಬೇಕೆಂದಿರುವ ಮಾತಿನ ಬೀಜ. ಪಾಠದ ಪುಸ್ತಕದಲ್ಲಿ ನಾವು ಮಗುವನ್ನು ಪ್ರಶ್ನಿಸುವಾಗ ಉತ್ತರವು ನಮಗೆ ಮೊದಲೇ ಗೊತ್ತಿರುತ್ತದೆ. ಆದುದರಿಂದ ಮಗು ಹೇಳಿದ್ದರಲ್ಲಿ ತಪ್ಪೊಂದನ್ನುಳಿದು ಬೇರೇನೂ ನಮ್ಮ ಕಿವಿಗೆ ಬೀಳುವುದಿಲ್ಲ. ಕಾದಂಬರಿಯ ವಿಚಾರವಾಗಿ ಅಭಿಪ್ರಾಯವನ್ನು ಕೇಳುವಾಗಲಾದರೋ ಉತ್ತರವು ಹೇಳುವವಳಿಗೆ ಮಾತ್ರ ಗೊತ್ತು. ಕೇಳುವವರಿಗೆ ಅದು ಬೇಕಾಗಿದೆ. ಮಾತಿನ ತಪ್ಪಿಗಿಂತ ಮಾತಿನ ಅಭಿಪ್ರಾಯವು ಮುಖ್ಯವಾಗಿರುವ ಕಡೆಯಲ್ಲಿ ನಾಲಗೆಯು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಾದಂಬರಿಯು ಹೇಳಲು ವಿಷಯವನ್ನು ಒದಗಿಸುತ್ತದೆ. ಗೋಷ್ಠಿಯು ಹೇಳಲೇಬೇಕಾದ ಅಗತ್ಯವನ್ನು ಉಂಟುಮಾಡುತ್ತದೆ. ಈ ಎರಡರಲ್ಲಿ ಒಂದಿಲ್ಲದಿದ್ದರೂ ಕೆಲಸವು ಅರ್ಧವಾಗುತ್ತದೆ.

ಅನ್ಯಭಾಷೆಯ ಕಥಾಗ್ರಂಥಗಳನ್ನು ಬಿಡದೆ ಓದುವ ಹವ್ಯಾಸವು ನಮ್ಮ ನಾಡಿಗೆ ಹೊಸದಲ್ಲ. ಕೊಳ್ಳೇಗಾಲದವರಾದ ಬಿ. ವೆಂಕಟಾಚಾರ್ಯರು (1845–1914) ಮೈಸೂರು ಸಂಸ್ಥಾನದ ನ್ಯಾಯಾಂಗದಲ್ಲಿ ಅಧಿಕಾರಿಗಳಾಗಿದ್ದುಕೊಂಡು, ತಮ್ಮ ಮನೆಮಾತಲ್ಲದ ಬಂಗಾಳಿಯನ್ನು ಸ್ವಪ್ರಯತ್ನದಿಂದ ಕಲಿತು, ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಅವರ "ದುರ್ಗೇಶನಂದಿನಿ"ಯು 1885ರಲ್ಲಿ ಹೊರಬಂದಿತು. ಆಗ ಬಂಕಿಮಚಂದ್ರರು ಇನ್ನೂ ಜೀವಿಸಿದ್ದರು. ಎಂದರೆ ವೆಂಕಟಾಚಾರ್ಯರು ಓದಿದ್ದು ತಮ್ಮ ಕಾಲದ ಕಾದಂಬರಿಗಳನ್ನೇ. ಅವರ ಭಾಷಾಂತರಗಳಿಂದ ಕನ್ನಡದಲ್ಲಿ ಕಾದಂಬರಿಯನ್ನೋದುವ ಒಂದು ದೊಡ್ಡ ವರ್ಗವೇ ಬೆಳೆಯಿತು. ಬಂಗಾಳಿ ಬಲ್ಲವರು ಅತಿ ವಿರಳವಾಗಿದ್ದ ಆ ಕಾಲದಲ್ಲಿ ಅವರು ಪಟ್ಟ ಶ್ರಮವನ್ನು ನೆನೆದರೆ, ಓದಿನ ಸಂಗಾತಿಗಳು ಸಿಕ್ಕುವುದು ಎಷ್ಟು ದೊಡ್ಡ ಭಾಗ್ಯವೆಂಬುದು ತಿಳಿಯುತ್ತದೆ.

ಇನ್ನು ಈ ಲೇಖನದ ಎರಡನೆಯ ಭಾಗಕ್ಕೆ ಬರುತ್ತೇನೆ. ಪಾವಗಡದ ಆ ಹುಡುಗಿಯು ಹತ್ತನೆಯ ತರಗತಿಯನ್ನು ಮುಗಿಸಿ, ಮುಂದೆ ಓದಬೇಕೆಂಬ ಆಸೆಯಿದ್ದರೂ, ವಿವಾಹವಾಗಿ ಮಧುಗಿರಿಗೆ ಬಂದಳು. ಕೆಲವು ವರ್ಷಗಳ ಹಿಂದೆ ಒಂದು ಸಾಯಂಕಾಲ ನನ್ನ ಮನೆಯ ಬಾಗಿಲಿಗೆ ಬಂದು ನಿಂತು, "ಮಗಳು ಉನ್ನತ ವ್ಯಾಸಂಗಕ್ಕಾಗಿ ಇಟಲಿಗೆ ಹೋಗುತ್ತಾಳಂತೆ. ಅಲ್ಲಿ ಪಾಠವೇನೋ ಇಂಗ್ಲಿಷಿನಲ್ಲಿಯೇ ನಡೆಯುವುದಂತೆ. ಆದರೆ ಅಂಗಡಿ, ಬೀದಿ, ನೆರೆಹೊರೆ ಎಲ್ಲವೂ ಇಟಾಲಿಯನ್. ಅವಳು ಬೆಂಗಳೂರಿನಲ್ಲಿ ಆರು ತಿಂಗಳು ಕಲಿತಿದ್ದಾಳೆ, ಆದರೆ ಬಾಯಿ ಬರುವುದಿಲ್ಲ. ನನಗೆ ಆಗಿದ್ದ ಹಾಗೆಯೇ ಅವಳಿಗೂ ಆಗಿದೆ. ಆ ರಾತ್ರಿಗಳಲ್ಲಿ ನಾವು ಓದಿದಂತೆ ಓದಿದರೆ ಆಗುವುದಿಲ್ಲವೆ?" ಎಂದು ಕೇಳಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಕೂತು ಕೇಳುತ್ತೇನೆ. ಅವಳು ಹೋಗುವ ಊರಿನ ಮಾತು ಒಂದಾದರೂ ನನಗೆ ತಿಳಿಯದಿದ್ದರೆ, ಅವಳು ನನಗೆ ಪೂರ್ತಿ ದೂರವಾದಂತೆ" ಎಂದೂ ಸೇರಿಸಿದಳು.

ಹೀಗೆ ನಮ್ಮ ಗೋಷ್ಠಿ ಪ್ರಾರಂಭವಾಯಿತು. ತಾಯಿ, ಮಗಳು, ನಾನು, ಕೊರಟಗೆರೆಯಲ್ಲಿ ಇಂಗ್ಲಿಷ್ ಕಲಿಸುವ ಒಬ್ಬ ಹಳೆಯ ವಿದ್ಯಾರ್ಥಿನಿ, ಒಟ್ಟು ನಾಲ್ವರು. ಮಗಳೇ ಗುರು, ಅವಳಿಗೆ ಗೊತ್ತಿದ್ದದ್ದು ಆರು ತಿಂಗಳ ಪಾಠ. ನಾವು ಉಳಿದ ಮೂವರು ಮೊದಲ ಮೂರು ತಿಂಗಳು ಒಂದು ಪ್ರಥಮ ವ್ಯಾಕರಣವನ್ನೂ ನೂರಾರು ಸಾಮಾನ್ಯ ಶಬ್ದಗಳನ್ನೂ ಕಲಿತೆವು. ಇದನ್ನು ಒತ್ತಿ ಹೇಳುತ್ತೇನೆ: ಏನೂ ತಿಳಿಯದವರು ಒಮ್ಮೆಗೇ ಕಾದಂಬರಿಯನ್ನು ಹಿಡಿದರೆ ನಿರಾಶೆಯೇ ಫಲ. ಅಕ್ಷರಾಭ್ಯಾಸವಿಲ್ಲದೆ ಕಾವ್ಯವಿಲ್ಲ.

ಇಟಾಲಿಯನ್ ಭಾಷೆಯು ನಾವು ಹೆದರಿದ್ದಷ್ಟು ಪರಕೀಯವಲ್ಲವೆಂಬುದು ಬೇಗ ತಿಳಿಯಿತು. ಅದರ ಶಬ್ದಗಳು ಬಹುಮಟ್ಟಿಗೆ ಸ್ವರಾಂತ್ಯವಾದವು, ನಮ್ಮ ಶಬ್ದಗಳಂತೆಯೇ. ಈ ಗುಣದಿಂದಲೇ ತೆಲುಗನ್ನು "ಪೂರ್ವದ ಇಟಾಲಿಯನ್" ಎಂದು ಕರೆಯುವ ವಾಡಿಕೆಯುಂಟು. ಇದನ್ನು ಹೇಳಿದಾಗ ತಾಯಿಯು, "ಹಾಗಾದರೆ ನಾನು ಹುಟ್ಟಿದಂದಿನಿಂದ ಅರ್ಧ ಕಲಿತಿದ್ದೇನೆ" ಎಂದು ನಕ್ಕಳು. ಇಟಾಲಿಯನ್ನಿನ ತ, ದಗಳು ನಮ್ಮ ತ, ದಗಳಂತೆ ದಂತ್ಯಗಳು, ಇಂಗ್ಲಿಷಿನವುಗಳಂತಲ್ಲ. ಒತ್ತಕ್ಷರದಿಂದ ಅರ್ಥವು ಬದಲಾಗುವುದೂ ನಮ್ಮಂತೆಯೇ: ನಮ್ಮಲ್ಲಿ "ಕತೆ" ಬೇರೆ, "ಕತ್ತೆ" ಬೇರೆ, ಅಲ್ಲಿ "ನೋನೊ" ಎಂದರೆ ಒಂಬತ್ತನೆಯದು, "ನೊನ್ನೊ" ಎಂದರೆ ಅಜ್ಜ. ಇಂಗ್ಲಿಷ್ ಜನರು ವರ್ಷಗಟ್ಟಲೆ ತಿಣುಕುವ ಈ ಭೇದವು ಕನ್ನಡದ ಕಿವಿಗೆ ಒಂದು ದಿನದ ಕೆಲಸ. ಕ್ರಿಯಾಪದದ ಕೊನೆಯಿಂದಲೇ ಕರ್ತೃವು ತಿಳಿಯುವುದರಿಂದ "ನಾನು", "ನೀನು" ಎಂಬುವನ್ನು ಬಿಟ್ಟುಬಿಡಬಹುದು: "ಪಾರ್ಲೊ" ಎಂದರೆ ಮಾತನಾಡುತ್ತೇನೆ, "ಪಾರ್ಲಿ" ಎಂದರೆ ಮಾತನಾಡುತ್ತೀಯೆ. ಹಿರಿಯರನ್ನೂ ಅಪರಿಚಿತರನ್ನೂ ಏಕವಚನದ "ತು" ಎಂದು ಕರೆಯದೆ "ಲೇಯಿ" ಎಂದು ಗೌರವಿಸುವ ಪದ್ಧತಿಯಂತೂ ನಮ್ಮ "ತಾವು" ಎಂಬುದನ್ನು ಬಲ್ಲವರಿಗೆ ಹೊಸದೇ ಅಲ್ಲ.

ಯಾವ ಪುಸ್ತಕವನ್ನು ಓದಬೇಕೆಂಬುದು ಮುಂದಿನ ಪ್ರಶ್ನೆ. ಪುಸ್ತಕವು ನಮ್ಮ ಕಾಲದ್ದಾಗಿರಬೇಕು. ಏಕೆಂದರೆ ಹಳೆಯ ಗ್ರಂಥದ ಭಾಷೆಯಲ್ಲಿ ಇಂದು ಯಾರೂ ತರಕಾರಿ ಕೊಳ್ಳುವುದಿಲ್ಲ. ಚಿಕ್ಕ ಚಿಕ್ಕ ಅಧ್ಯಾಯಗಳಿರಬೇಕು. ವಾಕ್ಯಗಳು ಸರಳವಾಗಿದ್ದರೂ ಒಳಗಿನ ಭಾವವು ಬೆಳೆದವರಿಗೆ ತಕ್ಕದ್ದಾಗಿರಬೇಕು. ಮಕ್ಕಳ ಕಥೆಗಳನ್ನು ಕುರಿತು ಬೆಳೆದವರು ಬಹುಕಾಲ ವಾದಿಸಲಾರರು. ಈ ಎಲ್ಲ ಲಕ್ಷಣಗಳೂ ಕೂಡಿದ್ದ "ದೋವೆ ಮಿ ತ್ರೋವೊ" ಎಂಬ ಕಾದಂಬರಿಯನ್ನು ನಾವು ಆರಿಸಿಕೊಂಡೆವು. ಇದು 2018ರಲ್ಲಿ ಪ್ರಕಟವಾಯಿತು. ಬರೆದವರು ಝುಂಪಾ ಲಾಹಿರಿ. ಬಂಗಾಳಿ ತಂದೆತಾಯಿಗಳಿಗೆ 1967ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ಇಂಗ್ಲಿಷಿನಲ್ಲಿ ಬರೆದು 2000ದಲ್ಲಿ ಪುಲಿಟ್ಜರ್ ಬಹುಮಾನವನ್ನು ಪಡೆದ ಈ ಲೇಖಕಿಯು, ಪ್ರೌಢವಯಸ್ಸಿನಲ್ಲಿ ಇಟಾಲಿಯನ್ನನ್ನು ಕಲಿತು, 2012ರಲ್ಲಿ ರೋಮಿಗೆ ಹೋಗಿ ನೆಲೆಸಿ, ಆ ಭಾಷೆಯಲ್ಲಿಯೇ ಗ್ರಂಥರಚನೆ ಮಾಡತೊಡಗಿದರು. ತಾನು ಭಾಷೆಯನ್ನು ಕಲಿತ ಬಗೆಯನ್ನೇ ವಸ್ತುವಾಗಿಟ್ಟುಕೊಂಡು "ಇನ್ ಆಲ್ತ್ರೆ ಪಾರೋಲೆ" ಎಂಬ ಪುಸ್ತಕವನ್ನು 2015ರಲ್ಲಿ ಬರೆದರು. ಕಲಿತವರು ಬರೆದದ್ದು ಕಲಿಯುವವರಿಗೆ ಹತ್ತಿರವಾದೀತೆಂಬ ನಮ್ಮ ಊಹೆಯು ಸುಳ್ಳಾಗಲಿಲ್ಲ.

ಆ ಕಾದಂಬರಿಯಲ್ಲಿ ಹೆಸರಿಲ್ಲದ ಒಬ್ಬ ಹೆಂಗಸು ಹೆಸರಿಲ್ಲದ ಒಂದು ನಗರದಲ್ಲಿ ಒಂಟಿಯಾಗಿ ಬದುಕುತ್ತಾಳೆ. ಬೀದಿ, ಕಚೇರಿ, ಪುಸ್ತಕದ ಅಂಗಡಿ, ಈಜುಕೊಳ ಹೀಗೆ ಒಂದೊಂದು ಅಧ್ಯಾಯವೂ ಬಹುಮಟ್ಟಿಗೆ ಒಂದೊಂದು ಸ್ಥಳವನ್ನು ಹಿಡಿದು ಸಾಗುತ್ತದೆ. ದೊಡ್ಡ ಘಟನೆಗಳೇನೂ ನಡೆಯುವುದಿಲ್ಲ. ಮೊದಲ ಭಾನುವಾರವೆಲ್ಲ ಹೆಸರಿನ ಮೂರು ಶಬ್ದಗಳಲ್ಲಿಯೇ ಕಳೆದುಹೋಯಿತು. "ದೋವೆ" ಎಂದರೆ ಎಲ್ಲಿ; "ಮಿ" ಎಂದರೆ ನನ್ನನ್ನು; "ತ್ರೋವೊ" ಎಂದರೆ ಕಂಡುಕೊಳ್ಳುತ್ತೇನೆ. ಅಕ್ಷರಶಃ "ನನ್ನನ್ನು ನಾನು ಎಲ್ಲಿ ಕಂಡುಕೊಳ್ಳುತ್ತೇನೆ" ಎಂದಾಗುತ್ತದೆ. ಆದರೆ ದಿನದ ಮಾತಿನಲ್ಲಿ ಇದೇ ಕ್ರಿಯೆಗೆ ಸುಮ್ಮನೆ "ಇದ್ದೇನೆ" ಎಂದಷ್ಟೇ ಅರ್ಥ. ದಾರಿತಪ್ಪಿದವಳು ಕೇಳುವ ಮಾತೋ, ಜೀವನದ ದಾರಿಯನ್ನು ಹುಡುಕುವವಳ ಮಾತೋ? ನಾಲ್ವರೂ ನಾಲ್ಕು ಬಗೆಯಾಗಿ ಹೇಳಿದೆವು. ಹದಿನೈದರ ವಯಸ್ಸಿನಲ್ಲಿ ಊರು ಬಿಟ್ಟು ಬಂದ ತಾಯಿಯು, "ಎರಡೂ ಒಂದೇ. ನಾನು ಬೋರ್ಡಿಂಗಿಗೆ ಬಂದ ರಾತ್ರಿ ಎಲ್ಲಿದ್ದೇನೆಂದು ಗೊತ್ತಿತ್ತು, ಆದರೂ ನಾನು ಕಾಣೆಯಾಗಿದ್ದೆ" ಎಂದಳು. ಮಗಳು ಅದನ್ನು ಇಟಾಲಿಯನ್ನಿಗೆ ತಿರುಗಿಸಲು ಹೋಗಿ ಅರ್ಧ ಗಂಟೆ ಒದ್ದಾಡಿದಳು. ಆ ವಾಕ್ಯವನ್ನು ಅವಳು ಇನ್ನು ಮರೆಯಲಾರಳು.

ಇನ್ನೊಂದು ಉದಾಹರಣೆಯನ್ನು ಕೊಡುತ್ತೇನೆ. ಇಟಾಲಿಯನ್ನಿನಲ್ಲಿ ಹೋಗುವುದು, ಬರುವುದು ಮೊದಲಾದ ಕ್ರಿಯೆಗಳ ಭೂತಕಾಲದ ಒಂದು ರೂಪವು ಕರ್ತೃವಿನ ಲಿಂಗವನ್ನು ಅನುಸರಿಸುತ್ತದೆ. ಗಂಡಸು ತನ್ನ ವಿಷಯವಾಗಿ "ಸೋನೊ ಅಂದಾತೊ" ಎಂದರೆ, ಹೆಂಗಸು "ಸೋನೊ ಅಂದಾತಾ" ಎನ್ನಬೇಕು. ಎರಡಕ್ಕೂ ಕನ್ನಡದಲ್ಲಿ "ಹೋದೆನು" ಎಂಬುದೊಂದೇ. ನಮ್ಮಲ್ಲಿ "ಅವನು", "ಅವಳು" ಎಂಬಲ್ಲಿ ತೋರುವ ಭೇದವು "ನಾನು" ಎಂಬಲ್ಲಿ ಮುಚ್ಚಿಹೋಗುತ್ತದೆ. ಅವರಲ್ಲಿ "ನಾನು" ಎಂಬಲ್ಲಿಯೂ ತೆರೆದುಕೊಳ್ಳುತ್ತದೆ. ಆದ್ದರಿಂದ ಹೆಸರು ಹೇಳದ ಆ ನಾಯಕಿಯು ಹೆಂಗಸೆಂಬುದನ್ನು ಇಟಾಲಿಯನ್ನಿನ ಓದುಗರಿಗೆ ಶಬ್ದದ ಕೊನೆಯ ಸ್ವರವೇ ಹೇಳಿಬಿಡುತ್ತದೆ. ನಾವು ಮೂವರೂ ಬಹುದಿನ ನಮ್ಮನ್ನು ನಾವೇ ಗಂಡಸರನ್ನಾಗಿ ಮಾಡಿಕೊಂಡು ಮಾತನಾಡುತ್ತಿದ್ದೆವು. ಒಂದು ದಿನ ನಾನು ಹಾಗೆ ತಪ್ಪಿದಾಗ, "ಮೇಡಂ, ಅಮ್ಮ ಬಂತು!" ಎಂದು ನನ್ನ ಹಳೆಯ ವಿದ್ಯಾರ್ಥಿನಿಯು ಮೆಲ್ಲಗೆ ಹೇಳಿದಳು. ನಾನು ಅವಳ ಮುಖವನ್ನು ನೋಡಿದೆನು. ಅಷ್ಟು ವರ್ಷ ಅವಳು ಅದನ್ನು ಮರೆತಿರಲಿಲ್ಲ. ಅಂದು ನಾನು ಅವಳನ್ನು ಕ್ಷಮೆ ಕೇಳಿದೆನು. ಕೇಳಲು ತಡವಾಗಿತ್ತು, ಆದರೂ ಕೇಳಿದೆನು.

ನಾವು ಅನುಸರಿಸಿದ ಕ್ರಮವು ಹೀಗಿತ್ತು. ವಾರಕ್ಕೆ ಒಂದೇ ಅಧ್ಯಾಯ. ಎರಡು ಮೂರು ಪುಟಗಳು. ಮನೆಯಲ್ಲಿ ಮೊದಲ ಸಲ ಓದುವಾಗ ನಿಘಂಟನ್ನು ಮುಟ್ಟಕೂಡದು. ಕಥೆಯ ಎಳೆಯನ್ನಷ್ಟೇ ಹಿಡಿಯಬೇಕು. ಎರಡನೆಯ ಸಲ ಓದುವಾಗ, ಯಾವ ಶಬ್ದವು ತಿಳಿಯದಿದ್ದರೆ ವಾಕ್ಯವೇ ತಿಳಿಯದೋ ಅಂತಹವನ್ನು ಮಾತ್ರ, ಹತ್ತಕ್ಕೆ ಮೀರದಂತೆ ಬರೆದುಕೊಳ್ಳಬೇಕು. ಭಾನುವಾರ ಸೇರಿದಾಗ ಒಬ್ಬರು ಗಟ್ಟಿಯಾಗಿ ಓದುವುದು. ಉಳಿದವರು ಪುಸ್ತಕವನ್ನು ಮುಚ್ಚಿ ಕೇಳುವುದು. ಅನಂತರ ಪ್ರತಿಯೊಬ್ಬರೂ ಕಥೆಯನ್ನು ಎರಡು ನಿಮಿಷ ಇಟಾಲಿಯನ್ನಿನಲ್ಲಿಯೇ ಹೇಳಬೇಕು. ಆಮೇಲೆ ಒಂದೇ ಒಂದು ಪ್ರಶ್ನೆ. ಆ ಪ್ರಶ್ನೆಗೆ ಪುಸ್ತಕದಲ್ಲಿ ನೇರವಾದ ಉತ್ತರವಿರಕೂಡದು, ಅಭಿಪ್ರಾಯಭೇದಕ್ಕೆ ಎಡೆಯಿರಬೇಕು. ಮಾತನಾಡುತ್ತಿರುವವರನ್ನು ನಡುವೆ ತಡೆದು ತಿದ್ದಕೂಡದು. ತಪ್ಪುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಹೊರಡುವ ಮೊದಲು ಎಲ್ಲರ ತಪ್ಪುಗಳನ್ನೂ ಒಟ್ಟಿಗೆ ನೋಡಬೇಕು. ಶಬ್ದ ಸಿಕ್ಕದಿದ್ದರೆ ಕನ್ನಡವನ್ನೋ ತೆಲುಗನ್ನೋ ಸೇರಿಸಿ ಮುಂದೆ ಸಾಗಬಹುದು, ನಿಲ್ಲಕೂಡದು.

ಈ ಕ್ರಮದಿಂದ ಏಕೆ ಪ್ರಯೋಜನವಾಗುತ್ತದೆಂಬುದಕ್ಕೆ ಲೆಕ್ಕವೂ ಇದೆ. ಒಂದು ಬರೆಹವನ್ನು ಯಾರ ಸಹಾಯವೂ ಇಲ್ಲದೆ ನಿರಾಯಾಸವಾಗಿ ಓದಬೇಕಾದರೆ ಅದರ ನೂರು ಶಬ್ದಗಳಲ್ಲಿ ತೊಂಬತ್ತೆಂಟರಷ್ಟಾದರೂ ತಿಳಿದಿರಬೇಕೆಂದು ಪಾಲ್ ನೇಷನ್ ಮೊದಲಾದ ಭಾಷಾಬೋಧನ ತಜ್ಞರು ಹೇಳುತ್ತಾರೆ. ಇನ್ನೂರೈವತ್ತು ಶಬ್ದಗಳ ಒಂದು ಪುಟದಲ್ಲಿ ಐದು ಶಬ್ದಗಳು ಮಾತ್ರ ತಿಳಿಯದವುಗಳಾಗಿರಬಹುದೆಂದಾಯಿತು. ನೂರಕ್ಕೆ ತೊಂಬತ್ತು ಮಾತ್ರ ಬಲ್ಲ ಹೊಸಬರಿಗೆ ಅದೇ ಪುಟದಲ್ಲಿ ಇಪ್ಪತ್ತೈದು ಶಬ್ದಗಳು ಅಡ್ಡ ಬರುತ್ತವೆ; ಒಬ್ಬರೇ ಓದುವವರು ಅಲ್ಲಿಯೇ ಪುಸ್ತಕವನ್ನು ಮುಚ್ಚುತ್ತಾರೆ. ನಾಲ್ವರಿದ್ದರೆ ಒಬ್ಬರಿಗೆ ತಿಳಿಯದ್ದು ಇನ್ನೊಬ್ಬರಿಗೆ ತಿಳಿದಿರುತ್ತದೆ. ಉಳಿದವನ್ನು ಹಂಚಿಕೊಂಡು ಹುಡುಕಬಹುದು. ಅಲ್ಲದೆ ಒಂದು ಕಾದಂಬರಿಯುದ್ದಕ್ಕೂ ಲೇಖಕರೊಬ್ಬರೇ, ಪಾತ್ರಗಳೂ ಅವೇ, ಮನೆ ಬೀದಿಗಳೂ ಅವೇ ಆಗಿರುವುದರಿಂದ ಅವೇ ಶಬ್ದಗಳು ಮತ್ತೆ ಮತ್ತೆ ಬರುತ್ತವೆ. ಹತ್ತು ಬೇರೆ ಬೇರೆ ಪಾಠಗಳಲ್ಲಿ ಹತ್ತು ಸಲ ಹೊಸಬರಾಗುವುದಕ್ಕಿಂತ, ಒಂದು ಮನೆಯಲ್ಲಿ ಹತ್ತು ದಿನ ಅತಿಥಿಗಳಾಗುವುದು ಲೇಸು.

ಇದು ನಮ್ಮ ಮನೆಯ ಅನುಭವ ಮಾತ್ರವಲ್ಲ. 1980ರ ಸುಮಾರಿನಲ್ಲಿ ಫಿಜಿ ದ್ವೀಪಗಳ ಹಳ್ಳಿಯ ಶಾಲೆಗಳಲ್ಲಿ ಎಲ್ಲಿ ಮತ್ತು ಮಂಗೂಭಾಯಿ ಎಂಬ ವಿದ್ವಾಂಸರು ಒಂದು ಪ್ರಯೋಗವನ್ನು ನಡೆಸಿದರು. ಇಂಗ್ಲಿಷು ಮನೆಮಾತಲ್ಲದ ಮಕ್ಕಳಿಗೆ ತರಗತಿಗೆ 250ರಂತೆ ಕಥೆಪುಸ್ತಕಗಳನ್ನು ಕೊಟ್ಟು, ಕೆಲವೆಡೆ ಮೌನವಾಗಿಯೂ ಕೆಲವೆಡೆ ಉಪಾಧ್ಯಾಯರೊಡನೆ ಕೂಡಿ ಚರ್ಚಿಸುತ್ತಲೂ ಓದಿಸಿದರು. ಪಾಠಕ್ರಮವನ್ನೇ ಅನುಸರಿಸಿದ ಮಕ್ಕಳಿಗಿಂತ ಈ ಮಕ್ಕಳು ಬಹಳ ಮುಂದೆ ಹೋದರೆಂದು 1983ರಲ್ಲಿ ವರದಿಯಾಯಿತು. ಇಟಾಲಿಯನ್ನಿನ ವಿಷಯದಲ್ಲಿ ಇನ್ನೂ ಸೊಗಸಾದ ನಿದರ್ಶನವುಂಟು. ನ್ಯೂಯಾರ್ಕ್ ನಗರದ "ನ್ಯೂಯಾರ್ಕರ್" ಪತ್ರಿಕೆಯಲ್ಲಿ ಕರಡು ತಿದ್ದುವ ವಿಭಾಗದಲ್ಲಿದ್ದ ಆನ್ ಗೋಲ್ಡ್‌ಸ್ಟೈನ್ ಎಂಬ ಮಹಿಳೆಯು 1980ರ ದಶಕದಲ್ಲಿ ಸಹೋದ್ಯೋಗಿಗಳೊಡನೆ ಸೇರಿ ಇಟಾಲಿಯನ್ ಪಾಠವನ್ನು ಹೇಳಿಸಿಕೊಂಡು, ಗುಂಪಾಗಿ ಮಹಾಕವಿ ದಾಂತೆಯನ್ನು ಓದಿದರು. ಮುಂದೆ ಅವರು ಆ ಭಾಷೆಯ ಪ್ರಸಿದ್ಧ ಭಾಷಾಂತರಕಾರರಾದರು. ಲಾಹಿರಿಯವರ "ಇನ್ ಆಲ್ತ್ರೆ ಪಾರೋಲೆ"ಯನ್ನು ಇಂಗ್ಲಿಷಿಗೆ ತಂದವರೂ ಅವರೇ.

ಈ ಮಾರ್ಗದ ಕೊರತೆಗಳನ್ನೂ ಹೇಳುವುದು ನ್ಯಾಯ. ಇಟಾಲಿಯನ್ ಕಾದಂಬರಿಗಳಲ್ಲಿ ಹಲವು "ಅಂದೊ" (ಹೋದನು ಅಥವಾ ಹೋದಳು), "ದಿಸ್ಸೆ" (ಹೇಳಿದನು ಅಥವಾ ಹೇಳಿದಳು) ಎಂಬಂತಹ ಭೂತಕಾಲವನ್ನು ಬಳಸುತ್ತವೆ. ಉತ್ತರ ಇಟಲಿಯ ಮನೆಮಾತಿನಲ್ಲಿ ಇದು ಬಹಳ ಅಪರೂಪ. ಇದನ್ನು ತಿಳಿಯದವರು ನಮ್ಮ ಗ್ರಾಂಥಿಕ ಕನ್ನಡದಲ್ಲಿ ಬಸ್ಸಿನ ಟಿಕೆಟನ್ನು ಕೇಳಿದಂತೆ ಕೇಳಿಸುತ್ತಾರೆ. ವ್ಯಾಕರಣವನ್ನು ಕಾದಂಬರಿಯು ನೆನಪಿಸುತ್ತದೆ, ಕ್ರಮವಾಗಿ ಬೋಧಿಸುವುದಿಲ್ಲ. ಅದಕ್ಕೆ ಬೇರೆ ಪುಸ್ತಕವು ಬೇಕೇ ಬೇಕು. ಉಚ್ಚಾರಣೆಗೆ ಆ ದೇಶದವರ ಧ್ವನಿಯನ್ನು ಕೇಳಬೇಕು. ಇಂದು ಅದಕ್ಕೆ ಅನುಕೂಲಗಳು ಧಾರಾಳವಾಗಿವೆ.

ಇಟಲಿಯವರಿಗೂ ಇಟಾಲಿಯನ್ ಒಂದು ಕಾಲದಲ್ಲಿ ಶಾಲೆಯ ಮಾತಾಗಿತ್ತೆಂದರೆ ನಿಮಗೆ ಆಶ್ಚರ್ಯವಾದೀತು. 1861ರಲ್ಲಿ ಆ ದೇಶವು ಒಂದಾದಾಗ ನೂರಕ್ಕೆ ಎರಡೂವರೆ ಮಂದಿ ಮಾತ್ರ ಆ ಭಾಷೆಯನ್ನಾಡುತ್ತಿದ್ದರೆಂದು ತುಲ್ಲಿಯೊ ದೆ ಮೌರೊ ಎಂಬ ವಿದ್ವಾಂಸರು ಅಂದಾಜು ಮಾಡಿದ್ದಾರೆ. ಹತ್ತರಷ್ಟಿದ್ದರೆಂದು ಹೇಳುವವರೂ ಉಂಟು. ಉಳಿದವರದು ಆಯಾ ಸೀಮೆಯ ಮಾತು. ಮಿಲಾನಿನ ಮಾಂಜೋನಿಯವರು 1827ರಲ್ಲಿ ಪ್ರಕಟಿಸಿದ "ಇ ಪ್ರೊಮೆಸ್ಸಿ ಸ್ಪೋಸಿ" ಎಂಬ ಕಾದಂಬರಿಯನ್ನು ಫ್ಲಾರೆನ್ಸಿನ ಜೀವಂತ ಭಾಷೆಗೆ ತಿದ್ದಿ 1840ರಿಂದ 1842ರ ವರೆಗೆ ಮತ್ತೆ ಹೊರತಂದರು. ಶಾಲೆಗಳಲ್ಲಿ ಅದನ್ನು ಓದಿ ಎಷ್ಟೋ ತಲೆಮಾರುಗಳು ದೇಶಭಾಷೆಯನ್ನು ಕಲಿತವು. ನಮ್ಮ ಕಾಲದಲ್ಲಿ ಎಲೆನಾ ಫೆರಾಂತೆ ಅವರು 2011ರಲ್ಲಿ ಪ್ರಕಟಿಸಿದ "ಲಾಮೀಕಾ ಜೆನಿಯಾಲೆ"ಯಲ್ಲಿ ನೇಪಲ್ಸಿನ ಬಡ ಕೇರಿಯ ಇಬ್ಬರು ಹುಡುಗಿಯರಿದ್ದಾರೆ. ಮನೆಯಲ್ಲಿ ಸೀಮೆಯ ಮಾತು, ಶಾಲೆಯಲ್ಲಿ ಇಟಾಲಿಯನ್. ಇಬ್ಬರೂ ಸೇರಿ ಒಂದೇ ಕಥೆಪುಸ್ತಕವನ್ನು ಅದು ಹರಿದುಹೋಗುವ ವರೆಗೆ ಓದುತ್ತಾರೆ. ಒಬ್ಬಳಿಗೆ ಮುಂದೆ ಓದುವ ಅವಕಾಶ ದೊರೆಯುತ್ತದೆ. ಅವಳಿಗಿಂತ ಜಾಣೆಯಾದ ಇನ್ನೊಬ್ಬಳನ್ನು ತಂದೆತಾಯಿಗಳು ಶಾಲೆ ಬಿಡಿಸುತ್ತಾರೆ. ಇದು ನಮ್ಮ ಮುಂದಿನ ಪುಸ್ತಕವಾಗಬೇಕೆಂದು ಗೊತ್ತುಮಾಡಿದ್ದೇವೆ. ಆ ಇನ್ನೊಬ್ಬ ಹುಡುಗಿಯನ್ನು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕಂಡಿಲ್ಲದವರು ಯಾರು?

ನಮ್ಮ ಮೊದಲ ಪುಸ್ತಕವು ಸುಮಾರು ಒಂದು ವರ್ಷದಲ್ಲಿ ಮುಗಿಯಿತು. ಮಗಳು ಇಟಲಿಗೆ ಹೋದಳು. ಹೋದ ಎರಡನೆಯ ವಾರದಲ್ಲಿ ತಾಯಿಗೆ ದೂರವಾಣಿಯಲ್ಲಿ, ಮನೆಯೊಡತಿಯೊಡನೆ ಬಾಡಿಗೆಯ ವಿಷಯವಾಗಿ ವಾದಿಸಿ ಗೆದ್ದೆನೆಂದು ಹೇಳಿದಳಂತೆ. ತಾಯಿಯು ಅವಳನ್ನು ಕೇಳಿದ್ದು ಮೂರೇ ಶಬ್ದಗಳು: "ದೋವೆ ತಿ ತ್ರೋವಿ?" ನೀನು ಎಲ್ಲಿದ್ದೀಯೆ, ನಿನ್ನನ್ನು ಎಲ್ಲಿ ಕಂಡುಕೊಂಡೆ, ಎರಡೂ ಅರ್ಥ ಅದರಲ್ಲಿವೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲವಂತೆ. ಅನಂತರ ಉತ್ತರವು ತೆಲುಗಿನಲ್ಲಿ ಬಂದಿತಂತೆ.

ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನ ಅರಿಕೆಯಿಷ್ಟೆ. ಇಟಾಲಿಯನ್ನೇ ಆಗಬೇಕೆಂದಿಲ್ಲ. ಪಾವಗಡದಲ್ಲಿ ಕನ್ನಡದ ಒಂದು ಹೊಸ ಕಾದಂಬರಿಯನ್ನು ತೆಲುಗು ಮನೆಯ ಹುಡುಗಿಯರೂ, ಮಧುಗಿರಿಯಲ್ಲಿ ತೆಲುಗಿನ ಒಂದು ಕಾದಂಬರಿಯನ್ನು ಕನ್ನಡದ ಮನೆಯವರೂ, ಶಿರಾದಲ್ಲಿ ಉರ್ದು ಮನೆಮಾತಿನ ಸೋದರಿಯರೊಡನೆ ಕೂಡಿ ಇನ್ನೊಂದನ್ನೂ, ಕೊರಟಗೆರೆಯಲ್ಲಿ ಇಂಗ್ಲಿಷಿನದೊಂದನ್ನೂ ಓದಬಹುದು. ಬೇಕಾದುದು ನಾಲ್ಕು ಮಂದಿ, ಒಂದು ಜಗಲಿ, ವಾರಕ್ಕೆ ಎರಡು ಗಂಟೆ. ಪೋಷಕರಲ್ಲಿ ಇನ್ನೊಂದು ಮಾತು: ನಿಮ್ಮ ಮಗಳು ಮನೆಗೆ ಬಂದು ತಪ್ಪು ಕನ್ನಡವನ್ನೋ ತಪ್ಪು ಇಂಗ್ಲಿಷನ್ನೋ ಆಡಿದರೆ ಮೊದಲು ಅವಳು ಹೇಳಿದ್ದಕ್ಕೆ ಉತ್ತರವನ್ನು ಕೊಡಿರಿ; ತಿದ್ದುವುದು ಆಮೇಲೆ ಇದ್ದೇ ಇದೆ. ನಾನು ಆ ಕ್ರಮವನ್ನು ಹಿಂದುಮುಂದು ಮಾಡಿದುದರ ಫಲವನ್ನು ಒಂದು ಮಗುವು ಬಹುದಿನ ಅನುಭವಿಸಬೇಕಾಯಿತು.